ಬೀದಿನಾಯಿ ಎಂದು ಅಮ್ಮ ಹೇಳಿದ್ದು

ನಮ್ಮ ಎದುರು ಮನೆಯ ಅಕ್ಕನಿಗೆ ನಾಯಿ ಸಾಕುವ ಆಸೆಯೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಊರಿನಲ್ಲಿ ಅವಳ ಬಗ್ಗೆ ಇಲ್ಲದ ಮಾತುಗಳು ಹುಟ್ಟಿಕೊಂಡವು. ದುಡ್ಡಿನ ಸೊಕ್ಕು ಎಂದರು. ಗಲ್ಫಿನ ಗತ್ತು ಎಂದರು. ಎರಡೂ ಅಲ್ಲ. ಅವಳಿಗಿದ್ದದ್ದು ಹೆದರಿಕೆ.

ಅವಳ ಗಂಡ ಕತಾರಿನಲ್ಲಿದ್ದರು. ಮನೆಯಲ್ಲಿ ಅವಳು, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಒಂದು ಸಲ ಅವರೆಲ್ಲ ಮದುವೆಗೆಂದು ಹೋಗಿದ್ದಾಗ ಯಾರೋ ಅಡುಗೆಮನೆಯ ಹಿಂದಿನ ಬಾಗಿಲು ಒಡೆದು ಒಳಗೆ ನುಗ್ಗಿದ್ದರು. ಹೋದದ್ದು ಹೆಚ್ಚೇನಲ್ಲ, ಒಂದು ಮಿಕ್ಸಿ, ಮಕ್ಕಳ ಬೆಳ್ಳಿ ಗೆಜ್ಜೆ. ಆದರೆ ಅವಳ ನಿದ್ದೆ ಹೋಯಿತು. ತೆಂಗಿನ ಗರಿ ಬಿದ್ದ ಸದ್ದಿಗೂ ಎದ್ದು ಲೈಟು ಹಾಕುತ್ತಿದ್ದಳು. ಇದನ್ನು ಫೋನಿನಲ್ಲಿ ಕೇಳಿ ಕೇಳಿ ಸಾಕಾದ ಭಾವ ಮಂಗಳೂರಿನ ತಮ್ಮ ಸ್ನೇಹಿತರೊಬ್ಬರಿಗೆ ಹೇಳಿ ಒಂದು ಮರಿ ಕಳಿಸಿದರು. ರಾಟ್‌ವೀಲರ್ ಜಾತಿಯದ್ದು. ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಬಂದ ಆ ಕರಿ ಮರಿಯನ್ನು ನೋಡಲು ನಾನೂ ಹೋಗಿದ್ದೆ. ಹುಬ್ಬಿನ ಮೇಲೆ ಎರಡು ಕಂದು ಬೊಟ್ಟು. ಅಂಗೈ ನೆಕ್ಕಿತು. ಅಕ್ಕ ದೂರ ನಿಂತು, “ಇದನ್ನು ಎಂತ ಮಾಡುದು ಮಾರಾಯ್ತಿ ನಾನು? ನನಗೆ ಬೆಕ್ಕು ಸಾಕಿಯೇ ಗೊತ್ತಿಲ್ಲ” ಎಂದಿದ್ದಳು.

ನಾವಿದ್ದದ್ದು ಪೈವಳಿಕೆ ಪಂಚಾಯತಿನಲ್ಲಿ, ದೊಡ್ಡ ರಸ್ತೆಯಿಂದ ಒಳಗೆ ತಿರುಗುವ ಸಣ್ಣ ಡಾಮರು ದಾರಿಯ ಬದಿಯಲ್ಲಿ. ಅಪ್ಪ ತೀರಿಹೋದ ಮೇಲೆ ಅಮ್ಮ ಬೀಡಿ ಕಟ್ಟಿ ನನ್ನನ್ನು ಸಾಕಿದರು. ನಾನು ಕಾಸರಗೋಡಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಉಪ್ಪಳದ ಬಸ್ಸು ಹಿಡಿದು ಹೋದರೆ ಮನೆ ಸೇರುವಾಗ ಸಂಜೆ. ಅಲ್ಲಿಯವರೆಗೆ ಅಮ್ಮನ ಮಾತಿಗೆ ಸಿಗುವವಳು ಆ ಅಕ್ಕನೇ. ಅಮ್ಮ ಜಗಲಿಯಲ್ಲಿ ಮೊರ ಮಡಿಲಿಗಿಟ್ಟುಕೊಂಡು ಎಲೆ ಕತ್ತರಿಸುತ್ತ ಕೂತರೆ ಅವಳು ಮೆಟ್ಟಿಲಲ್ಲಿ ಕೂತು ನೂಲು ಹರಿದುಕೊಡುವಳು. ಅವಳ ಎರಡನೆಯ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ್ದು ಅಮ್ಮನೇ. ‘ದೊಡ್ಡಮ್ಮ’ ಎಂದು ಕರೆಯುತ್ತಿದ್ದಳು. ಅದು ಬಾಯಿಮಾತಿನ ದೊಡ್ಡಮ್ಮ ಆಗಿರಲಿಲ್ಲ.

ನಾಯಿ ಬಂದ ಮೇಲೆ ಅಕ್ಕ ನಿದ್ದೆ ಮಾಡತೊಡಗಿದಳು. ಅಷ್ಟರಮಟ್ಟಿಗೆ ಅದು ತನ್ನ ಕೆಲಸ ಮಾಡಿತು. ಆದರೆ ಮರಿ ಮರಿಯಾಗಿ ಉಳಿಯಲಿಲ್ಲ. ಒಂದು ವರ್ಷ ಕಳೆಯುವುದರೊಳಗೆ ಅದರ ಕುತ್ತಿಗೆ ನನ್ನ ತೊಡೆಯಷ್ಟು ದಪ್ಪವಾಯಿತು. ಅಕ್ಕನದ್ದು ಸಣಕಲು ದೇಹ. ಬೆಳಿಗ್ಗೆ ಅವಳು ಅದನ್ನು ಸರಪಳಿ ಹಾಕಿ ದಾರಿಗೆ ತಂದರೆ, ಯಾರು ಯಾರನ್ನು ತಿರುಗಾಡಿಸುತ್ತಿದ್ದಾರೆ ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಸರಪಳಿಯನ್ನು ಮುಂಗೈಗೆ ಸುತ್ತಿಕೊಳ್ಳುತ್ತಿದ್ದಳು. ಒಂದು ದಿನ ಅದು ಎಳೆದ ರಭಸಕ್ಕೆ ಮುಗ್ಗರಿಸಿ ಮೊಣಕಾಲು ಸುಲಿದುಕೊಂಡಳು. ಅಂದಿನಿಂದ ಸರಪಳಿಯನ್ನು ಮನೆಯಲ್ಲೇ ಬಿಟ್ಟು, ಗೇಟು ತೆಗೆದು ನಾಯಿಯನ್ನು ಹಾಗೆಯೇ ಹೊರಗೆ ಬಿಡತೊಡಗಿದಳು. ಅದು ದಾರಿಯುದ್ದ ಓಡಿ, ಬೇಲಿಬೇಲಿಗೆ ಕಾಲೆತ್ತಿ, ತಿರುಗಿ ಬರುವವರೆಗೆ ಅವಳು ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಹೋಗಿಬರುವವರು ನಿಂತರೆ ಅಲ್ಲಿಂದಲೇ ಕೂಗುತ್ತಿದ್ದಳು: “ಹೆದರ್ಬೇಡಿ, ಅವ ಎಂತ ಮಾಡುದಿಲ್ಲ! ಓಡ್ಬೇಡಿ, ಸುಮ್ಮನೆ ನಿಲ್ಲಿ!”

ಜನ ನಿಲ್ಲಲು ಕಲಿತರು. ಪೇಪರು ಹಾಕುವವನು ಸೈಕಲ್ಲಿನಿಂದ ಇಳಿದು, ಸೈಕಲ್ಲನ್ನು ತನಗೂ ನಾಯಿಗೂ ನಡುವೆ ಹಿಡಿದುಕೊಂಡು ನಿಲ್ಲುತ್ತಿದ್ದ. ಶಾಲೆಗೆ ಹೋಗುವ ಮಕ್ಕಳು ಚೀಲವನ್ನು ಎದೆಗೆ ಅವಚಿಕೊಂಡು ಗೋಡೆಗೆ ಅಂಟುತ್ತಿದ್ದರು. ನಾಯಿ ಹತ್ತಿರ ಬಂದು ಮೂಸಿ, ಒಮ್ಮೊಮ್ಮೆ ಮುಂಗಾಲೆತ್ತಿ ಎದೆಗೆ ಹಾರಿ, ಹೋಗಿಬಿಡುತ್ತಿತ್ತು. ಕಚ್ಚಲಿಲ್ಲ, ನಿಜ. ಕಚ್ಚಲಿಲ್ಲವಲ್ಲ ಎಂಬುದೇ ಎಲ್ಲದಕ್ಕೂ ಉತ್ತರವಾಗಿಬಿಟ್ಟಿತ್ತು.

ಒಬ್ಬರು ಮಾತ್ರ ಬಾಯಿ ತೆರೆದರು. ನಮ್ಮ ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ ಬಸ್ ಸ್ಟಾಪು, ಅದರ ಪಕ್ಕ ಒಂದು ಸಣ್ಣ ಹೋಟೆಲು. ಅದನ್ನು ನಡೆಸುತ್ತಿದ್ದ ಬ್ಯಾರಿ ಮುಸ್ಲಿಮರೊಬ್ಬರನ್ನು ನಾವೆಲ್ಲ ‘ಇಚ್ಚ’ ಎನ್ನುತ್ತಿದ್ದೆವು, ಅಣ್ಣ ಎಂಬಂತೆ. ಅರವತ್ತು ದಾಟಿದ ಮನುಷ್ಯ. ಹೋಟೆಲಿನ ಎದುರು ಮೂರು ಬೀದಿನಾಯಿಗಳು ಬಿದ್ದುಕೊಂಡಿರುತ್ತಿದ್ದವು. ಅದರಲ್ಲಿ ಒಂದು ಕಿವಿ ಹರಿದ, ಮುದಿ ಕೆಂಚು ಹೆಣ್ಣುನಾಯಿ. ಇಚ್ಚ ಅವನ್ನು ಮುಟ್ಟುತ್ತಿರಲಿಲ್ಲ. ನಾಯಿಯ ಜೊಲ್ಲು ತಾಗಿದರೆ ಅವರಲ್ಲಿ ಏಳು ಸಲ ತೊಳೆಯಬೇಕು, ಒಮ್ಮೆ ಮಣ್ಣು ಹಾಕಿ. ಆದರೆ ಮಧ್ಯಾಹ್ನದ ಊಟ ಮುಗಿದ ಮೇಲೆ ಉಳಿದ ಅನ್ನ, ಪರೋಟದ ತುಂಡುಗಳನ್ನು ಹಿತ್ತಲ ಕಲ್ಲಿನ ಮೇಲೆ ಅವಕ್ಕಾಗಿಯೇ ಹಾಕಿಸುತ್ತಿದ್ದರು. ನಾನು ಕೇಳಿದ್ದಕ್ಕೆ, “ಬಾಯಾರಿದ ನಾಯಿಗೆ ನೀರು ಕೊಟ್ಟವನ ಪಾಪವನ್ನೆಲ್ಲ ದೇವರು ಮನ್ನಿಸಿದ ಅಂತ ಕತೆ ಉಂಟು ನಮ್ಮಲ್ಲಿ. ಅವೂ ಬದುಕ್ಬೇಕಲ್ಲ” ಎಂದಿದ್ದರು.

ಒಂದು ಭಾನುವಾರ ಇಚ್ಚ ನಮ್ಮ ಜಗಲಿಗೆ ಬಂದರು. ಅಕ್ಕನೂ ಅಲ್ಲೇ ಇದ್ದಳು. ಅವರು ನಿಂತೇ ಮಾತಾಡಿದರು.

“ತಂಗೀ, ತಪ್ಪು ತಿಳೀಬೇಡ. ಬೆಳಿಗ್ಗೆ ಮದ್ರಸಕ್ಕೆ ಮಕ್ಕಳು ಇದೇ ದಾರಿಯಲ್ಲಿ ಬರುದು. ನಿನ್ನೆ ನನ್ನ ಮೊಮ್ಮಗಳ ಮೇಲೆ ಹಾರಿತು. ಬಟ್ಟೆ ಎಲ್ಲ ಜೊಲ್ಲು. ಮಗು ಕೂಗಿಕೊಂಡು ತಿರುಗಿ ಮನೆಗೆ ಬಂತು. ಆ ಹೊತ್ತಿಗೊಂದು ಗೇಟು ಹಾಕು. ಇಲ್ಲದಿದ್ದರೆ ಕಟ್ಟಿ ಹಿಡ್ಕೋ.”

ಅಕ್ಕನ ಮುಖ ಸಣ್ಣದಾಯಿತು. “ಅವ ಆಟಕ್ಕೆ ಹಾರುದು ಇಚ್ಚ. ಯಾರನ್ನೂ ಕಚ್ಚಿದವ ಅಲ್ಲ. ನಿಮಗೆ ನಾಯಿ ಆಗುದಿಲ್ಲ, ಅದಕ್ಕೆ ನಿಮಗೆ ಹಾಗೆ ಕಾಣ್ತದೆ.”

“ನನಗೆ ಆಗುದಿಲ್ಲ ಸರಿ. ಮಗುವಿಗೆ ಹೆದರಿಕೆ ಆದದ್ದು ಸುಳ್ಳಾ?”

ಆಗ ಅಮ್ಮ ನಡುವೆ ಬಾಯಿ ಹಾಕಿದರು. “ಇರಲಿ ಇಚ್ಚ, ಒಬ್ಬಂಟಿ ಹೆಂಗಸು. ಗಂಡ ಊರಲ್ಲಿಲ್ಲ. ನಾವೇ ಸ್ವಲ್ಪ ಸುಧಾರಿಸಿಕೊಳ್ಳುವ.”

ಅವರು ತಲೆಯಾಡಿಸಿ ಇಳಿದು ಹೋದರು. ಮರುದಿನದಿಂದ ಮೊಮ್ಮಗಳನ್ನು ತಾವೇ ಕೈ ಹಿಡಿದು ಮದ್ರಸಕ್ಕೆ ಬಿಟ್ಟು ಬರತೊಡಗಿದರು. ಕೈಯಲ್ಲೊಂದು ಕೊಡೆ, ಬಿಸಿಲಾಗಲಿ ಮಳೆಯಾಗಲಿ. ಅದು ಏಕೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಆ ಬಗ್ಗೆ ಮಾತಾಡಲಿಲ್ಲ.

ಅದು ಟಿವಿಯಲ್ಲಿ ದಿನ ಬೆಳಗಾದರೆ ಬೀದಿನಾಯಿಗಳ ಸುದ್ದಿ ಬರುತ್ತಿದ್ದ ಕಾಲ, ೨೦೧೬ ಇರಬೇಕು. ಕೇರಳದ ಯಾವುದೋ ಮೂಲೆಯಲ್ಲಿ ಯಾರನ್ನೋ ನಾಯಿ ಕಚ್ಚಿತಂತೆ, ಎಲ್ಲೋ ನಾಯಿಗಳನ್ನು ಹೊಡೆದು ಸಾಲಾಗಿ ಮಲಗಿಸಿದರಂತೆ. ಬಸ್ಸಿನಲ್ಲೂ ಇದೇ ಮಾತು. ನಮ್ಮ ದಾರಿಯಲ್ಲಿ ನಡೆಯುವವರು ಕೂಡ ಬಸ್ ಸ್ಟಾಪಿನ ಮೂರು ಬಡಕಲು ನಾಯಿಗಳನ್ನು ನೋಡಿ ಕಲ್ಲು ಹೆಕ್ಕುತ್ತಿದ್ದರು. ಗೇಟಿನೊಳಗಿಂದ ಬರುವ ನಾಯಿಗೆ ಯಾರೂ ಕಲ್ಲು ಹೆಕ್ಕಲಿಲ್ಲ. ಅದಕ್ಕೆ ಮನೆ ಇತ್ತು, ಕುತ್ತಿಗೆಗೆ ಪಟ್ಟಿ ಇತ್ತು.

ಆ ದಿನ ನನಗೆ ರಜೆ. ಅಮ್ಮ ಕಟ್ಟಿದ ಬೀಡಿ ಕೊಟ್ಟು ಬರಲು ಕಂಪೆನಿಯ ಬ್ರಾಂಚಿಗೆ ಹೋಗಿದ್ದರು. ಬರುವಾಗ ತಲೆಯ ಮೇಲೆ ಹೊಸ ಎಲೆಯ ಕಟ್ಟು, ಕೈಯಲ್ಲಿ ಹೊಗೆಸೊಪ್ಪಿನ ಪ್ಲಾಸ್ಟಿಕ್ ತೊಟ್ಟೆ. ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಎದುರು ಮನೆಗೆ ಗ್ಯಾಸಿನ ಗಾಡಿ ಬಂದಿತ್ತು, ಸಿಲಿಂಡರು ಇಳಿಸಲು ಗೇಟು ಪೂರ್ತಿ ತೆರೆದಿದ್ದರು. ಸಿಲಿಂಡರು ನೆಲಕ್ಕೆ ಬಿದ್ದ ದೊಡ್ಡ ಸದ್ದು ಕೇಳಿತು. ಅದರ ಹಿಂದೆಯೇ ಅಕ್ಕ ನಾಯಿಯ ಹೆಸರು ಹಿಡಿದು ಕಿರುಚಿದ್ದು ಕೇಳಿತು. ಆ ಕಿರುಚಾಟ ಬೇರೆ ರೀತಿ ಇತ್ತು. ನಾನು ಒದ್ದೆ ಕೈಯಲ್ಲೇ ಓಡಿದೆ.

ಅಮ್ಮ ದಾರಿಯಲ್ಲಿ ಕೂತಿದ್ದರು. ಬಿದ್ದಿರಲಿಲ್ಲ, ಕೂತಿದ್ದರು. ಎಲೆಯ ಕಟ್ಟು ಬಿಚ್ಚಿ ಸುತ್ತಲೂ ಹರಡಿತ್ತು. ನಾಯಿ ಅವರ ಬಲಗೈಯನ್ನು, ಮಣಿಕಟ್ಟಿನ ಮೇಲೆ, ಹಿಡಿದುಕೊಂಡಿತ್ತು. ಹಿಡಿದುಕೊಂಡು ತಲೆ ಕೊಡವುತ್ತಿತ್ತು. ಅಕ್ಕ ಅದರ ಪಟ್ಟಿಗೆ ಜೋತುಬಿದ್ದು ಎಳೆಯುತ್ತಿದ್ದಳು, ಅವಳು ಎಳೆದಷ್ಟೂ ಅದು ಬಿಗಿಯುತ್ತಿತ್ತು. ಅಮ್ಮ ಕೂಗಲೇ ಇಲ್ಲ. ಆ ಮೌನ ನನಗೆ ಇವತ್ತಿಗೂ ಅರ್ಥವಾಗಿಲ್ಲ. ‘ಓಡಬೇಡಿ, ಸುಮ್ಮನೆ ನಿಲ್ಲಿ’ ಎಂಬ ಮಾತನ್ನು ಅವರು ಆ ಹೊತ್ತಿನಲ್ಲೂ ಪಾಲಿಸುತ್ತಿದ್ದರೋ ಏನೋ. ಗ್ಯಾಸಿನವನು ಖಾಲಿ ಸಿಲಿಂಡರನ್ನು ರಸ್ತೆಗೆ ಕುಟ್ಟಿ ಸದ್ದು ಮಾಡಿದ. ನಾಯಿ ಬಿಟ್ಟಿತು. ಬಿಟ್ಟು, ಏನೂ ಆಗದ ಹಾಗೆ ಗೇಟಿನೊಳಗೆ ಹೋಗಿ ಕೂತಿತು.

ನಾನು ಅಮ್ಮನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆದೆ. ಬಹಳ ಹೊತ್ತು ತೊಳೆಯಬೇಕೆಂದು ಎಲ್ಲೋ ಓದಿದ ನೆನಪಿತ್ತು. ನೀರು ಕೆಂಪಾಗಿಯೇ ಹರಿಯುತ್ತಿತ್ತು. ಅಕ್ಕ ಮನೆಯೊಳಗಿಂದ ಹೊಸ ಟವೆಲು ತಂದು ಸುತ್ತಿದಳು. ರಿಕ್ಷಾ ಬಂತು. ಅವಳೂ ಹತ್ತಿದಳು.

ಹತ್ತಿರದ ಆಸ್ಪತ್ರೆಯಲ್ಲಿ ಗಾಯ ನೋಡಿ, ಇಷ್ಟು ಆಳಕ್ಕೆ ರೇಬೀಸ್ ತಡೆಯುವ ಸೀರಂ ಕೊಡಬೇಕು, ಕಾಸರಗೋಡಿನ ದೊಡ್ಡ ಆಸ್ಪತ್ರೆಗೇ ಹೋಗಿ ಎಂದು ಕಳಿಸಿದರು. ಆ ದಾರಿಯಲ್ಲಿ, ಕುಂಬಳೆ ದಾಟಿದ ಮೇಲೆ, ಅಕ್ಕ ಅಳುತ್ತ, ರಿಕ್ಷಾದವನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಮಾತು ತೆಗೆದಳು.

“ದೊಡ್ಡಮ್ಮ, ಒಂದು ಉಪಕಾರ ಮಾಡಿ. ಕೇಳಿದರೆ ಬೀದಿನಾಯಿ ಅಂತ ಹೇಳಿ.”

ನಾನು ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

“ಅವನಿಗೆ ಪಂಚಾಯತಿನ ಲೈಸೆನ್ಸ್ ಮಾಡಿಸ್ಲಿಲ್ಲ. ಈ ವರ್ಷದ ಇಂಜೆಕ್ಷನ್ನೂ ಬಾಕಿ ಉಂಟು. ಕೇಸಾದರೆ ನಾನು ಒಬ್ಬಳೇ ಸ್ಟೇಷನ್ನಿಗೆ ಹೋಗ್ಬೇಕು. ಇವರಿಗೆ ಗೊತ್ತಾದರೆ ನನ್ನನ್ನು ಸುಮ್ಮನೆ ಬಿಡ್ಲಿಕ್ಕಿಲ್ಲ. ಅವನನ್ನು ತೆಗೆದುಕೊಂಡು ಹೋಗ್ತಾರೆ. ಮತ್ತೆ ನಾನು ಆ ಮನೆಯಲ್ಲಿ ಹೇಗೆ ಇರುದು?”

“ಅಕ್ಕ, ಅಮ್ಮನ ಕೈ ನೋಡಿ ಒಮ್ಮೆ,” ಎಂದೆ.

ಅಮ್ಮ ಎಡಗೈಯಿಂದ ನನ್ನ ಮೊಣಕಾಲು ಒತ್ತಿದರು. “ಆಯ್ತು ಮಗಾ. ಕೂಗ್ಬೇಡ,” ಎಂದರು. ಅವಳಿಗೆ ಹೇಳಿದ್ದು. ಕೈ ಹರಿದುಕೊಂಡವರು ಕಚ್ಚಿಸಿದವಳನ್ನು ಸಮಾಧಾನ ಮಾಡುತ್ತಿದ್ದರು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಕೇಳಿದರು, ಸಾಕಿದ್ದಾ, ಬೀದಿಯದ್ದಾ ಎಂದು. ಅಮ್ಮ, “ಬೀದಿಯದ್ದು. ಬಸ್ ಸ್ಟಾಪಿನ ಹತ್ತಿರ,” ಎಂದರು. ಆ ‘ಬಸ್ ಸ್ಟಾಪಿನ ಹತ್ತಿರ’ ಎಂಬುದನ್ನು ಅವರೇ ಸೇರಿಸಿದ್ದು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಒಂದು ಸುಳ್ಳಿಗೆ ಆಸರೆಯಾಗಿ ಇನ್ನೊಂದನ್ನು ಆನಿಸಿ ನಿಲ್ಲಿಸುತ್ತಾರೆ. ಸಾಕಿದ ನಾಯಿಯಾದರೆ ಹತ್ತು ದಿನ ಕಟ್ಟಿಹಾಕಿ ಅದಕ್ಕೆ ಹುಚ್ಚು ಇದೆಯೇ ಎಂದಾದರೂ ನೋಡಬಹುದಿತ್ತು, ಬೀದಿಯದ್ದಾದರೆ ಅದೂ ಇಲ್ಲ ಎಂದು ಡಾಕ್ಟರು ಹೇಳಿದರು. ಸೀರಂ ಅನ್ನು ಗಾಯದೊಳಕ್ಕೇ ಸೂಜಿ ಚುಚ್ಚಿ ತುಂಬಿಸಿದರು. ಅಮ್ಮ ಅಷ್ಟು ಹೊತ್ತಿಗೆ ಮೊದಲ ಸಲ ಕೂಗಿದರು. ನಾಯಿ ಕಚ್ಚಿದ ಗಾಯಕ್ಕೆ ಕೂಡಲೇ ಹೊಲಿಗೆ ಹಾಕುವುದಿಲ್ಲವಂತೆ. ತೆರೆದ ಗಾಯಕ್ಕೆ ಬಟ್ಟೆ ಸುತ್ತಿ ಕಳಿಸಿದರು. ಎರಡು ಬೆರಳುಗಳು ಮಡಚುತ್ತಿಲ್ಲ, ಒಳಗೆ ನರ ಕಡಿದಿರಬಹುದು, ಮತ್ತೆ ತೋರಿಸಿ ಎಂದರು.

ಬೀದಿನಾಯಿ ಬೀಡಿ ಕಟ್ಟುವ ಹೆಂಗಸಿನ ಕೈ ಹರಿದ ಸುದ್ದಿ ನಮಗಿಂತ ಮೊದಲೇ ಊರಿಗೆ ಬಂದಿತ್ತು. ಗ್ಯಾಸಿನವನು ಬೇರೆ ಊರಿನವನು, ಸಿಲಿಂಡರು ಇಳಿಸಿ ಹೋಗಿಬಿಟ್ಟಿದ್ದ. ಬೇರೆ ಯಾರೂ ನೋಡಿರಲಿಲ್ಲ. ಮನೆಗೆ ಬಂದವರಿಗೆಲ್ಲ ಅಮ್ಮ ಅದೇ ಮಾತು ಹೇಳಿದರು. ಹೇಳಿ ಹೇಳಿ ಸಲೀಸಾಯಿತು. ಅಕ್ಕ ಮೂರು ಹೊತ್ತೂ ಗಂಜಿ, ಪಲ್ಯ ತಂದುಕೊಟ್ಟಳು. ಗೇಟು ಹಾಕಿಯೇ ಇತ್ತು. ನಾಯಿಯ ಸದ್ದೂ ಇರಲಿಲ್ಲ.

ಎರಡು ದಿನ ಕಳೆದಿರಬೇಕು. ಮಧ್ಯಾಹ್ನ ಅಮ್ಮ ಚಾಪೆಯಲ್ಲಿ ಮಲಗಿದ್ದರು. ನಾನು ಕೆಲಸಕ್ಕೆ ಹೋಗಿರಲಿಲ್ಲ. ಬಸ್ ಸ್ಟಾಪಿನ ಕಡೆಯಿಂದ ಕೂಗಾಟ, ಅದರ ನಡುವೆ ನಾಯಿಯ ಕಿರುಚಾಟ ಕೇಳಿತು. ಒಂದು ಸಲ ಉದ್ದಕ್ಕೆ ಕೇಳಿ ನಿಂತುಹೋಯಿತು. ಮತ್ತೆ ಇನ್ನೊಂದು.

“ಎಂತ ಅದು?” ಎಂದು ಅಮ್ಮ ಎದ್ದು ಕೂತರು.

ನಾನು ಗೇಟಿನವರೆಗೆ ಹೋಗಿ ಕೇಳಿ ಬಂದೆ. “ಕ್ಲಬ್ಬಿನ ಹುಡುಗರು. ಬಸ್ ಸ್ಟಾಪಿನ ನಾಯಿಗಳನ್ನು ಹೊಡೀತಾ ಇದ್ದಾರೆ.”

ಅಮ್ಮ ಎದ್ದು, ಸೀರೆಯ ಸೆರಗನ್ನು ಎಡಗೈಯಲ್ಲಿ ಹೇಗೋ ಸರಿಮಾಡಿಕೊಂಡು, ಚಪ್ಪಲಿ ಹಾಕಿಕೊಳ್ಳದೆ ಹೊರಟರು. ನಾನು ಹಿಂದೆಯೇ ಓಡಿದೆ. ಕಟ್ಟು ಹಾಕಿದ ಬಲಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವರು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಹೋಟೆಲಿನ ಎದುರು ಆರೇಳು ಹುಡುಗರಿದ್ದರು. ಎಲ್ಲರೂ ನಮಗೆ ಗೊತ್ತಿದ್ದವರೇ. ಓಣಂಗೆ ಹೂವಿನ ರಂಗೋಲಿ ಸ್ಪರ್ಧೆ ಇಡುವವರು, ಯಾರಿಗೆ ರಕ್ತ ಬೇಕಾದರೂ ಓಡುವವರು. ಕೈಯಲ್ಲಿ ಕಬ್ಬಿಣದ ಸರಳು, ಮರದ ತುಂಡು. ಕೆಂಚು ನಾಯಿ ರಸ್ತೆಯ ಅಂಚಿನಲ್ಲಿ ಬಿದ್ದಿತ್ತು. ಇನ್ನೊಂದು ಚರಂಡಿಯಲ್ಲಿ. ಮೂರನೆಯದು ತಪ್ಪಿಸಿಕೊಂಡು ಗುಡ್ಡೆಯ ಕಡೆ ಓಡಿತ್ತು, ಇಬ್ಬರು ಅದರ ಹಿಂದೆ ಹೋಗಿದ್ದರು. ಇಚ್ಚ ಹೋಟೆಲಿನ ಮೆಟ್ಟಿಲಲ್ಲಿ ನಿಂತಿದ್ದರು. ಅವರು ತಡೆಯಲು ಹೋಗಿದ್ದರೆಂಬುದು ಅವರ ಅಂಗಿಯ ಮೇಲೆ ಹಾರಿದ ಕೆಸರಿನಿಂದ ತಿಳಿಯುತ್ತಿತ್ತು.

“ದೊಡ್ಡಮ್ಮ, ನೀವು ಯಾಕೆ ಬಂದದ್ದು? ಕೈ ನೋವುಂಟಲ್ಲ,” ಎಂದ ಒಬ್ಬ. “ಇನ್ನು ಹೆದರ್ಬೇಡಿ. ಎರಡು ಮುಗಿಯಿತು.”

ಅಮ್ಮ ಕೆಂಚು ನಾಯಿಯ ಹತ್ತಿರ ಹೋಗಿ ನಿಂತರು. ಅದರ ಹೊಟ್ಟೆ ಇನ್ನೂ ಸಣ್ಣಗೆ ಏರಿಳಿಯುತ್ತಿತ್ತು. ಆಮೇಲೆ ನಿಂತಿತು.

“ಇದಲ್ಲ,” ಎಂದರು ಅಮ್ಮ.

“ಎಂತ?”

“ನನ್ನನ್ನು ಕಚ್ಚಿದ್ದು ಇದಲ್ಲ. ಇವು ಯಾವುದೂ ಅಲ್ಲ.”

ಆ ಹುಡುಗ ಸರಳನ್ನು ಕೆಳಗಿಳಿಸಿದ. ಅವನ ದನಿ ಸಿಟ್ಟಿನದ್ದಾಗಿರಲಿಲ್ಲ, ಅಳುವ ಹಾಗಿತ್ತು. “ನೀವೇ ಅಲ್ವಾ ಹೇಳಿದ್ದು? ಬಸ್ ಸ್ಟಾಪಿನ ನಾಯಿ ಅಂತ? ನಾವು ನಿಮಗೋಸ್ಕರ ಮಾಡಿದ್ದು ದೊಡ್ಡಮ್ಮ.”

“ಹೌದು. ನಾನೇ ಹೇಳಿದ್ದು,” ಎಂದರು ಅಮ್ಮ. “ಸುಳ್ಳು ಹೇಳಿದ್ದು.”

ಯಾವ ನಾಯಿ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರ ಕಣ್ಣುಗಳೂ ನಮ್ಮ ದಾರಿಯ ಕಡೆ ಹೊರಳಿದವು. ಒಬ್ಬ, “ಬನ್ನಿ, ಹಾಗಾದರೆ ಅದನ್ನೂ ಮುಗಿಸುವ,” ಎಂದು ಹೊರಟೇಬಿಟ್ಟ. ಇನ್ನಿಬ್ಬರು ಹಿಂಬಾಲಿಸಿದರು. ಆಗ ಇಚ್ಚ ಮೆಟ್ಟಿಲಿಳಿದು ಅಡ್ಡ ನಿಂತರು.

“ಎಲ್ಲಿಗೆ? ಆ ಮನೆಯಲ್ಲಿ ಒಂದು ಹೆಂಗಸು, ಎರಡು ಮಕ್ಕಳು. ಸರಳು ಹಿಡ್ಕೊಂಡು ಹೋಗ್ತೀರಾ ಅಲ್ಲಿಗೆ?”

“ಹಾಗಾದರೆ ಆ ನಾಯಿಯನ್ನು ಹಾಗೇ ಬಿಡುದಾ ಇಚ್ಚ?”

“ನಾಯಿಯನ್ನು ಎಂತ ಕೇಳ್ತೀರಿ? ಅದಕ್ಕೆ ಯಜಮಾನರು ಉಂಟಲ್ಲ. ಅವರನ್ನು ಕೇಳಿ. ಬಾಯಿಯಲ್ಲಿ ಕೇಳಿ.” ಅವರು ರಸ್ತೆಯಂಚಿನ ಕಡೆ ಕೈ ತೋರಿಸಿದರು. “ಇವಕ್ಕೆ ಕೇಳುವವರು ಇರ್ಲಿಲ್ಲ. ಅದಕ್ಕೇ ನಿಮಗೆ ಇಷ್ಟು ಸುಲಭ ಆಯ್ತು.”

ಹುಡುಗರು ಅಲ್ಲೇ ನಿಂತರು. ಹೊಡೆದವರೇ ಹಾರೆ ತಂದು ಗುಡ್ಡೆಯ ಬದಿಯಲ್ಲಿ ಗುಂಡಿ ತೋಡಿ ಎರಡನ್ನೂ ಹೂತರು. ಗುಡ್ಡೆಗೆ ಓಡಿದ ಮೂರನೆಯದು ಮತ್ತೆ ಬರಲಿಲ್ಲ.

ಮನೆಗೆ ತಿರುಗುವಾಗ ಅಮ್ಮ ಸೀದಾ ಎದುರು ಮನೆಯ ಗೇಟಿಗೆ ಹೋದರು. ಅಕ್ಕ ಕೂಗಾಟ ಕೇಳಿ ಕಿಟಕಿಯಲ್ಲೇ ನಿಂತಿರಬೇಕು. ಬಾಗಿಲು ತೆರೆದು ಬಂದಳು, ಆದರೆ ಗೇಟು ತೆಗೆಯಲಿಲ್ಲ.

“ಹೇಳಿದ್ರಾ ದೊಡ್ಡಮ್ಮ?”

“ಹೇಳಿದೆ.”

“ನೀವು ನನಗೆ ಮಾತು ಕೊಟ್ಟದ್ದು.”

“ಕೊಟ್ಟದ್ದು ಹೌದು ಮಗಾ. ನನ್ನ ಕೈ ಹೋದದ್ದನ್ನು ನಾನು ನುಂಗಿಕೊಂಡೆ, ಅದು ನನ್ನದು. ಅವು ಎಂತ ಮಾಡಿದ್ದವು ಹೇಳು? ಅವಕ್ಕೆ ಎಂತಕ್ಕೆ ಪೆಟ್ಟು?”

ಅಕ್ಕ ಗೇಟಿನ ಸರಳು ಹಿಡಿದು ಅಳತೊಡಗಿದಳು. “ಅವ ಅಂಥವ ಅಲ್ಲ ದೊಡ್ಡಮ್ಮ. ಆ ಸಿಲಿಂಡರಿನ ಸದ್ದಿಗೆ ಹೆದರಿದ್ದು. ನೀವು ತಲೆಯಲ್ಲಿ ಕಟ್ಟು ಹೊತ್ತುಕೊಂಡು ಬಂದದ್ದು ನೋಡಿ ಗುರುತು ಸಿಕ್ಕಲಿಕ್ಕಿಲ್ಲ.”

“ಇರಬಹುದು,” ಎಂದರು ಅಮ್ಮ. “ಅವ ಹೆದರಬಹುದು. ಅವನಿಗೆ ನಾನು ಸಿಟ್ಟು ಮಾಡುದಿಲ್ಲ. ನೀನು ಹಿಡ್ಕೊಳ್ಳಬೇಕಿತ್ತು. ಹಿಡ್ಕೊಳ್ಳಲಿಕ್ಕೆ ಆಗದಿದ್ದರೆ ಹೊರಗೆ ಬಿಡಬಾರದಿತ್ತು.”

ಇಷ್ಟು ಕಟುವಾಗಿ ಅಮ್ಮ ಅವಳ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಅಂದು ಸಂಜೆ ಗಂಜಿ ಬರಲಿಲ್ಲ. ಮರುದಿನವೂ ಬರಲಿಲ್ಲ.

ವಾರ್ಡಿನ ಮೆಂಬರರು ಬಂದು ಮಾತಾಡಿದರು. ಕೇಸು ಬೇಡವೆಂದು ಅಮ್ಮ ಹೇಳಿದ್ದರಿಂದ ಅದು ಅಲ್ಲಿಗೇ ನಿಂತಿತು. ಭಾವ ಕತಾರಿನಿಂದ ರಜೆ ಹಾಕಿ ಬಂದರು. ನಮ್ಮ ಮನೆಗೂ ಬಂದು ಅಮ್ಮನ ಮುಂದೆ ಕೈ ಮುಗಿದರು. ಆಸ್ಪತ್ರೆಯ ಖರ್ಚನ್ನೆಲ್ಲ ತಾವೇ ನೋಡಿಕೊಂಡರು. ಆದರೆ ಮನೆಯೊಳಗೆ ಹೆಂಡತಿಯ ಮೇಲೆ ಅವರು ಕೂಗುತ್ತಿದ್ದದ್ದು ಮೂರು ದಿನವೂ ನಮಗೆ ಕೇಳುತ್ತಿತ್ತು. ಮರಿ ಕಳಿಸಿದವರು ತಾವೇ ಎಂಬುದು ಅವರಿಗೆ ಮರೆತುಹೋದಂತಿತ್ತು. ಸಾಕುವುದು ಹೇಗೆ, ಹಿಡಿಯುವುದು ಹೇಗೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದೂ. ಕೊನೆಗೆ ದೇಲಂಪಾಡಿಯಲ್ಲಿ ರಬ್ಬರ್ ತೋಟವಿದ್ದ ಪರಿಚಯದವರೊಬ್ಬರಿಗೆ ಹೇಳಿ, ಒಂದು ಬೆಳಿಗ್ಗೆ ನಾಯಿಯನ್ನು ಜೀಪಿನಲ್ಲಿ ಹತ್ತಿಸಿದರು. ಅದಕ್ಕೆ ಜೀಪೆಂದರೆ ಖುಷಿ. ಮರಿಯಲ್ಲೇ ಬಾಲ ಕತ್ತರಿಸಿದ್ದ ಹಿಂಭಾಗವನ್ನು ಆಡಿಸುತ್ತ ತಾನೇ ಹಾರಿ ಕೂತಿತು. ಮಕ್ಕಳಿಬ್ಬರೂ ಜೀಪಿನ ಹಿಂದೆ ದೊಡ್ಡ ರಸ್ತೆಯವರೆಗೂ ಓಡಿದರು.

ಅಮ್ಮನ ಗಾಯ ಮಾಗಿತು. ಒಂದು ಆಪರೇಷನ್ ಆಯಿತು. ಆದರೂ ಹೆಬ್ಬೆರಳ ಪಕ್ಕದ ಎರಡು ಬೆರಳು ಪೂರ್ತಿ ಮಡಚಲಿಲ್ಲ. ಬೀಡಿ ಸುರುಳಿ ಸುತ್ತುವುದು ಆ ಬೆರಳುಗಳಿಂದಲೇ. ಕೆಲವು ತಿಂಗಳು ಪ್ರಯತ್ನಿಸಿದರು. ಸುತ್ತಿದ ಬೀಡಿ ಸಡಿಲವಾಗಿ ಬಾಯಿ ಬಿಡುತ್ತಿತ್ತು, ಬ್ರಾಂಚಿನವರು ತಿರುಗಿಸಿ ಕೊಡುತ್ತಿದ್ದರು. ಒಂದು ದಿನ ಮೊರವನ್ನು ತೊಳೆದು ಒಣಗಿಸಿ ಅಕ್ಕಿ ಕೇರಲು ಇಟ್ಟರು. ಬೇಸರವಾಯಿತೇ ಎಂದು ಕೇಳಿದರೆ, “ಕೂತು ಕೂತು ಸೊಂಟ ಹೋಗಿತ್ತು, ಒಳ್ಳೆದೇ ಆಯ್ತು” ಎಂದರು. ಆದರೆ ಟಿವಿ ನೋಡುವಾಗ ಅವರ ಎಡಗೈ ಬಲಗೈಯ ಬೆರಳುಗಳನ್ನು ಮಡಚಿ ಮಡಚಿ ನೋಡುತ್ತಿತ್ತು.

ಅಕ್ಕ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತೋ ಏನೋ. ಎದುರಾದರೆ, “ಊಟ ಆಯ್ತಾ ದೊಡ್ಡಮ್ಮ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದಳು. ಜಗಲಿಯ ಮೆಟ್ಟಿಲಿಗೆ ಬಂದು ಕೂರಲಿಲ್ಲ. ರಾತ್ರಿಯೆಲ್ಲ ಅವಳ ಮನೆಯ ಲೈಟು ಮತ್ತೆ ಉರಿಯತೊಡಗಿತು.

ಅದರ ಮುಂದಿನ ವರ್ಷ, ಮಳೆ ಕಡಿಮೆಯಾದ ಮೇಲೆ, ಒಂದು ದಿನ ಅವಳು ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದಳು. “ನನ್ನೊಟ್ಟಿಗೆ ಒಮ್ಮೆ ದೇಲಂಪಾಡಿಗೆ ಬರ್ತೀಯಾ? ಅವನನ್ನು ನೋಡ್ಬೇಕು. ಒಬ್ಬಳೇ ಹೋಗ್ಲಿಕ್ಕೆ ಧೈರ್ಯ ಇಲ್ಲ.” ನನಗೆ ಮನಸ್ಸಿರಲಿಲ್ಲ. ಅಮ್ಮನೇ, “ಹೋಗು, ಪಾಪ,” ಎಂದು ಕಳಿಸಿದರು.

ಎರಡು ಬಸ್ಸು ಬದಲಾಯಿಸಿ, ಕಾಡಂಚಿನ ದಾರಿಯಲ್ಲಿ ನಡೆದು ತಲುಪಿದೆವು. ರಬ್ಬರ್ ಶೀಟು ಒಣಗಿಸುವ ಶೆಡ್ಡಿನ ಪಕ್ಕ ಒಂದು ಕಂಬಕ್ಕೆ ನಾಯಿಯನ್ನು ಕಟ್ಟಿದ್ದರು. ಸರಪಳಿ ಉದ್ದವೇ ಇತ್ತು. ಆ ಉದ್ದಕ್ಕೆ ಸರಿಯಾಗಿ ಕಂಬದ ಸುತ್ತ ನೆಲ ಸವೆದು ಹುಲ್ಲಿಲ್ಲದೆ ಗುಂಡಗಾಗಿತ್ತು. ಕುತ್ತಿಗೆಯ ಕೂದಲು ಉದುರಿತ್ತು. ನಮ್ಮನ್ನು ಕಂಡು ಮೊದಲು ಬೊಗಳಿತು. ಆಮೇಲೆ ಗಾಳಿ ಮೂಸಿ, ಬೊಗಳುವುದನ್ನು ನಿಲ್ಲಿಸಿ, ಸರಪಳಿ ಬಿಗಿಯಾಗುವವರೆಗೆ ಎಳೆದು, ಮರಿಯ ಹಾಗೆ ಕುಂಯ್‌ಗುಟ್ಟತೊಡಗಿತು.

“ಹತ್ತಿರ ಹೋಗಿ, ನಿಮ್ಮದೇ ಅಲ್ವಾ,” ಎಂದ ತೋಟ ನೋಡಿಕೊಳ್ಳುವವ. “ಒಳ್ಳೆಯ ನಾಯಿ. ಆದರೆ ಬಿಡ್ಲಿಕ್ಕೆ ಧೈರ್ಯ ಇಲ್ಲ ನಮಗೆ. ರಬ್ಬರ್ ಹಾಲು ತೆಗೀಲಿಕ್ಕೆ ಜನ ಬರ್ತಾರೆ.”

ಅಕ್ಕ ಹೋಗಿ ಮಣ್ಣಿನಲ್ಲೇ ಕುಕ್ಕುರುಗಾಲಲ್ಲಿ ಕೂತಳು. ಅದು ಅವಳ ಮುಖ, ಕೈ, ಸೀರೆ ಎಲ್ಲವನ್ನೂ ನೆಕ್ಕಿತು. ನಾನು ದೂರವೇ ನಿಂತಿದ್ದೆ. ಅವಳು ತಂದಿದ್ದ ಬಿಸ್ಕೆಟನ್ನು ಕೊಟ್ಟು, ಸರಪಳಿಯ ತುದಿಯನ್ನು ಕಂಬದಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಳ್ಳಲು ನೋಡಿದಳು. ಎರಡು ಹೆಜ್ಜೆ ನಡೆಸಲು ಆಸೆಯಾಗಿರಬೇಕು. ಕೊಂಡಿಗೆ ಕೈ ಹಾಕಿ, ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಕೈ ತೆಗೆದಳು.

ತಿರುಗಿ ಬರುವಾಗ ಬಸ್ಸು ಮುಳ್ಳೇರಿಯ ದಾಟಿದ ಮೇಲೆ ಅಕ್ಕ ಹೇಳಿದಳು: “ಅವನಿಗೆ ನಾನು ಎಂತವನ್ನೂ ಕಲಿಸ್ಲಿಲ್ಲ. ಕೂತ್ಕೋ ಅಂದರೆ ಕೂರ್ಲಿಕ್ಕೂ. ಊರಿನವರಿಗೆ ಮಾತ್ರ ಕಲಿಸಿದೆ, ನಿಲ್ಲಿ, ಓಡ್ಬೇಡಿ ಅಂತ.” ಆಮೇಲೆ, “ಇನ್ನು ನಾನು ಬರುದಿಲ್ಲ. ಬಂದು ಹೋದರೆ ಅವ ದಾರಿ ನೋಡ್ತಾನೆ,” ಎಂದಳು. ಅವಳು ಮತ್ತೆ ಹೋಗಲಿಲ್ಲ. ಮಕ್ಕಳ ಶಾಲೆಗೆಂದು ಮರುವರ್ಷ ಮಂಗಳೂರಿನಲ್ಲಿ ಮನೆ ಮಾಡಿದಳು. ಎದುರಿನ ಮನೆಗೆ ಬಾಡಿಗೆಯವರು ಬಂದರು.

ದೇಲಂಪಾಡಿಗೆ ಹೋದ ಆ ಸಂಜೆ ನಾನು ಮನೆಗೆ ಬಂದಾಗ ಅಮ್ಮ ಜಗಲಿಯಲ್ಲೇ ಕಾಯುತ್ತಿದ್ದರು. ಹೇಗಿದ್ದಾನೆ ಎಂದು ಕೇಳಿದರು. ಕಟ್ಟಿಯೇ ಇಡುತ್ತಾರೆ ಎಂದೆ. ಸರಿಯಾಗಿ ಊಟ ಹಾಕುತ್ತಾರಾ ಎಂದು ಕೇಳಿದರು. ಹಾಕುತ್ತಾರೆ ಎಂದೆ. ಆಮೇಲೆ ಅಮ್ಮ ಹೇಳಿದರು:

“ಆವತ್ತು ಇಚ್ಚ ಬಂದು ಹೇಳಿದರಲ್ಲ, ಆವಾಗ ನಾನು ಬಾಯಿ ಹಾಕಬಾರದಿತ್ತು. ಅವಳಿಗೆ ಅಲ್ಲೇ ಹೇಳಬೇಕಿತ್ತು, ಅವರು ಹೇಳುದು ಸರಿ, ಕಟ್ಟು ಅಂತ. ನಾನು ಹೇಳಿದರೆ ಕೇಳ್ತಿದ್ದಳು. ಅವಳಿಗೆ ಬೇಜಾರಾಗ್ತದೆ ಅಂತ ಅವರನ್ನೇ ಸುಮ್ಮನಿರಿಸಿದೆ.”

ಅಮ್ಮ ಎಡಗೈಯನ್ನು ನೆಲಕ್ಕೂರಿ ಎದ್ದು, ನನಗೆ ಚಹಾ ಮಾಡಲು ಒಳಗೆ ಹೋದರು.